ಮೇಯುವ ದನಕ್ಕೆ ಮೆಕ್ಕೆಜೋಳವೇ ಏಕೆ?

ಹುಲ್ಲುಗಾವಲಿನಲ್ಲಿ ಮೇಯುವ ಮಾಂಸದ ತಳಿಯ ದನಗಳ ತೂಕ ಏರದಿದ್ದಾಗ ಸಾಕುವವರ ಕೈ ಮೊದಲು ಹೋಗುವುದು ಮೆಕ್ಕೆಜೋಳದ ನುಚ್ಚಿಗೆ. ಶಕ್ತಿ ಬೇಕೆಂದರೆ ಧಾನ್ಯ ಎಂಬ ಈ ಲೆಕ್ಕವನ್ನು ನಾನೂ ಬಹುಕಾಲ ನಂಬಿದ್ದೆ. ಕಟ್ಟಿ ಕೊಬ್ಬಿಸುವ ದನಕ್ಕೆ ಅದು ಸರಿಯೇ ಇರಬಹುದು, ಹುಲ್ಲನ್ನೇ ನೆಚ್ಚಿದ ದನಕ್ಕಲ್ಲ.

ಮೆಕ್ಕೆಜೋಳದ ಒಣ ತೂಕದಲ್ಲಿ ಶೇ. 70ರಷ್ಟು ಪಿಷ್ಟವೇ ಇರುತ್ತದೆ. ಅದು ರೂಮೆನ್‌ನಲ್ಲಿ, ಅಂದರೆ ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ, ಬೇಗನೆ ಹುದುಗಿ ಆಮ್ಲವನ್ನು ಹೆಚ್ಚಿಸುತ್ತದೆ. ಆಮ್ಲ ಹೆಚ್ಚಿದಂತೆ ಇಳಿಯುವ ಅಳತೆಯಾದ ಪಿಎಚ್ ಸುಮಾರು 6ಕ್ಕಿಂತ ಕೆಳಗಿಳಿದರೆ ನಾರನ್ನು ಒಡೆಯುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಆಗ ಕಾಳಿನಿಂದ ಬಂದ ಶಕ್ತಿಯ ಒಂದು ಪಾಲನ್ನು ಹುಲ್ಲಿನ ಕಡೆಯಿಂದ ಕಳೆದುಕೊಂಡಂತೆಯೇ.

ಆದ್ದರಿಂದಲೇ ನನಗೆ ಸೋಯಾ ಸಿಪ್ಪೆಯ ಮೇಲೆ ಇಷ್ಟು ಒಲವು. ನೋಡಲು ಬರೀ ಹೊಟ್ಟಿನಂತಿದ್ದರೂ, ಅದರ ನಾರಿನಲ್ಲಿ ಲಿಗ್ನಿನ್, ಅಂದರೆ ಅರಗದ ಗಟ್ಟಿ ಅಂಶ, ತೀರ ಕಡಿಮೆಯಿರುವುದರಿಂದ ಹುಲ್ಲನ್ನು ಅರಗಿಸುವ ಬ್ಯಾಕ್ಟೀರಿಯಾಗಳೇ ಅದನ್ನೂ ಅರಗಿಸುತ್ತವೆ, ಜೊತೆಗೆ ಶೇ. 12ರ ಆಸುಪಾಸಿನಲ್ಲಿ ಪ್ರೋಟೀನೂ ದಕ್ಕುತ್ತದೆ. ಒಣಗಿಸಿದ ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆ-ತಿರುಳಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ನಾರು ಬೇಗ ಹುದುಗಿದರೂ ಪಿಷ್ಟದಂತೆ ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಿಸುವುದಿಲ್ಲ; ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಒಣಗಿಸುವಾಗ ಸುಣ್ಣ ಬೆರೆಸುವುದರಿಂದ ಕ್ಯಾಲ್ಸಿಯಂ ಹೆಚ್ಚು. ಮದ್ಯಸಾರದ ತಯಾರಿಕೆಯಲ್ಲಿ ಉಳಿಯುವ ಧಾನ್ಯದ ಚರಟ ಶಕ್ತಿ, ಪ್ರೋಟೀನ್ ಎರಡನ್ನೂ ಕೊಡುತ್ತದೆ. ಅಲ್ಲಿ ಎಚ್ಚರ ಬೇಕಾದುದು ಕೊಬ್ಬು ಮತ್ತು ಗಂಧಕದ ವಿಷಯದಲ್ಲಿ: ಒಟ್ಟು ಆಹಾರದಲ್ಲಿ ಕೊಬ್ಬು ಶೇ. 6ನ್ನು ಮೀರಿದರೆ ನಾರಿನ ಜೀರ್ಣಕ್ರಿಯೆ ಕುಗ್ಗುತ್ತದೆ, ಗಂಧಕ ಅತಿಯಾದರೆ ಮಿದುಳಿನ ಕಾಯಿಲೆಯೇ ಬರಬಹುದು.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕೊರತೆ ನಿಜವಾಗಿಯೂ ಶಕ್ತಿಯದ್ದೇ? ಬಲಿತು ಒಣಗಿದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿದ್ದರೆ ಬ್ಯಾಕ್ಟೀರಿಯಾಗಳು ಪ್ರೋಟೀನಿನಿಂದ ಸಿಗುವ ಸಾರಜನಕವಿಲ್ಲದೆ ಹಸಿದಿರುತ್ತವೆ. ಅಲ್ಲಿ ಮೊದಲು ಪ್ರೋಟೀನ್ ಹೆಚ್ಚಿರುವ ಹಿಂಡಿ ಹಾಕಬೇಕು. ಶಕ್ತಿಯ ಮಾತು ಆಮೇಲೆ.

ಪ್ರಮಾಣದ ವಿಷಯದಲ್ಲಿ ನಾನು ದೇಹತೂಕದ ಶೇ. 0.5ರ ಗೆರೆಯನ್ನು ದಾಟುವುದಿಲ್ಲ, ಅಂದರೆ 300 ಕಿಲೋ ತೂಗುವ ಹೋರಿಗೆ ದಿನಕ್ಕೆ ಒಂದೂವರೆ ಕಿಲೋ. ಅದಕ್ಕಿಂತ ಹೆಚ್ಚಾದಂತೆ, ಸಿಪ್ಪೆಯೇ ಆಗಿರಲಿ, ದನ ಹುಲ್ಲಿಗೆ ಬಾಯಿ ಹಾಕುವುದನ್ನು ಕಡಿಮೆ ಮಾಡುತ್ತದೆ. ಹುಲ್ಲೇ ಸಾಲದ ಕಾಲದಲ್ಲಿ ಇದು ಅನುಕೂಲವೂ ಹೌದು. ಸಿಪ್ಪೆ, ತಿರುಳು, ಚರಟ ಇವೆಲ್ಲ ಕಾರ್ಖಾನೆಗಳ ಉಪ ಉತ್ಪನ್ನಗಳಾದ್ದರಿಂದ ಒಂದು ಲೋಡಿನಂತೆ ಇನ್ನೊಂದು ಇರುವುದಿಲ್ಲ. ಹೊಸ ಲೋಡು ಬಂದಾಗಲೆಲ್ಲ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ವರದಿ ಕೈಸೇರಿದ ಮೇಲೆಯೇ ಪ್ರಮಾಣ ನಿರ್ಧರಿಸುತ್ತೇನೆ.