ಮೈ ತುಂಬ ಹಳದಿ, ಊರು ಮಾತ್ರ ಗೊತ್ತಿಲ್ಲ

ಜರ್ಮನಿಯ ಬಾನ್‌ನಲ್ಲಿ ನಮ್ಮ ಕೆಳಗಿನ ಮನೆಯ ಹಿರಿಯರು ನೆಲಮಾಳಿಗೆಯಲ್ಲಿ ಫೈರ್ ಸಾಲಮ್ಯಾಂಡರ್‌ಗಳನ್ನು ಸಾಕುತ್ತಾರೆ. ಅದರಲ್ಲಿ ಒಂದರ ಫೋಟೋ ನಮ್ಮ ಮನೆಯವರ ಗ್ರೂಪಿಗೆ ಹಾಕಿದ್ದೆ. ಕೊಡಗಿನ ಶಾಂತಳ್ಳಿಯಿಂದ ತಮ್ಮ ತಕ್ಷಣ ಕೇಳಿದ, "ಅಕ್ಕಾ, ಇದ್ಯಾವ ಹಲ್ಲಿ? ಯಾವ ಕಾಡಿಂದು?" ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದು ಹಲ್ಲಿ ಅಲ್ಲ, ಕಪ್ಪೆಯ ನೆಂಟ. ಮೈ ಮೇಲೆ ಹುರುಪೆ ಇಲ್ಲ, ಒದ್ದೆ ಚರ್ಮ. ನಮ್ಮ ಪಶ್ಚಿಮ ಘಟ್ಟದಲ್ಲಿ ಸಾಲಮ್ಯಾಂಡರ್ ಇಲ್ಲವೇ ಇಲ್ಲ. ಭಾರತದಲ್ಲಿ ನೋಡಬೇಕು ಅಂದರೆ ಡಾರ್ಜಿಲಿಂಗ್, ಸಿಕ್ಕಿಂ, ಅರುಣಾಚಲ, ಮಣಿಪುರದ ಕಡೆ ಹೋಗಬೇಕು, ಅದೂ ಬೇರೆ ಜಾತಿ. ನಮ್ಮಲ್ಲಿ ಇರುವುದು ಸಿಸಿಲಿಯನ್ ಅನ್ನುವ ಕಾಲಿಲ್ಲದ ನೆಂಟ, ತೋಟದಲ್ಲಿ ಗುದ್ದಲಿ ಹಾಕಿದಾಗ ದಪ್ಪ ಎರೆಹುಳು ಅಂದುಕೊಂಡು ಬಿಡುತ್ತೇವಲ್ಲ, ಅದು.

ಫೋಟೋದಲ್ಲಿ ಇರುವುದು ಗೇಣಿಗಿಂತ ಸ್ವಲ್ಪ ಗಿಡ್ಡ. ಕಣ್ಣಿನ ಹಿಂದೆ ಎರಡೂ ಕಡೆ ಉಬ್ಬಿದ ಹಳದಿ ಗ್ರಂಥಿ, ಅದರ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಾಲಾಗಿ ಕಪ್ಪು ರಂಧ್ರಗಳು. ವಿಷ ಬರುವುದು ಅಲ್ಲಿಂದಲೇ, ಸಮಂಡರಿನ್ ಅಂತ ಅದರ ಹೆಸರು. ಬೆನ್ನು ಪೂರ್ತಿ ಹಳದಿ. ನಡುವೆ ಒಂದು ತೆಳು ಕಪ್ಪು ಗೆರೆ ಇಳಿದು, ಸೊಂಟದ ಹತ್ತಿರ ತುಂಡಾಗಿ, ಮತ್ತೆ ಬಾಲದಲ್ಲಿ ಶುರುವಾಗುತ್ತದೆ. ಗಂಟಲಿನ ಕೆಳಗೆ ಸ್ವಲ್ಪ ಕೆಂಪು.

ಬಾನ್ ಪಕ್ಕದ ಕೊಟ್ಟನ್‌ಫೋರ್ಸ್ಟ್ ಕಾಡಿನಲ್ಲಿ ಮಳೆ ಬಂದ ರಾತ್ರಿ ಕಾಣುವವು ಹೀಗಿರುವುದಿಲ್ಲ. ಅವುಗಳ ಕಪ್ಪು ಬೆನ್ನಿನ ಮೇಲೆ ಎರಡು ಹಳದಿ ಪಟ್ಟೆ, ಅಲ್ಲಲ್ಲಿ ತುಂಡಾಗಿರುತ್ತವೆ. ಈ ಪ್ರಾಣಿಗೆ ಯುರೋಪಿನ ಉದ್ದಗಲಕ್ಕೂ ಹಲವು ಉಪಪ್ರಭೇದಗಳಿವೆ, ಅಂದರೆ ಒಂದೇ ಜಾತಿಯೊಳಗೆ ಊರೂರಿಗೆ ಬೇರೆ ಬೇರೆ ಬಗೆ. ಸ್ಪೇನಿನ ಅಸ್ತೂರಿಯಸ್ ಕಡೆಯದು ಚಿಕ್ಕದು, ಮೈಯೆಲ್ಲ ಹಳದಿಯಾಗಿ ಕಪ್ಪು ಗೆರೆ ಮಾತ್ರ ಉಳಿದಿರುವುದು ಜಾಸ್ತಿ. ಉಳಿದ ಹೆಚ್ಚಿನವು ಕಿವಿರು ಇರುವ ಮರಿಗಳನ್ನು ತೊರೆಯ ನೀರಿಗೆ ಬಿಟ್ಟರೆ, ಅದು ನೇರ ನೆಲಕ್ಕೇ ಪೂರ್ತಿ ಬೆಳೆದ ಮರಿ ಹಾಕುತ್ತದೆ. ಪೋರ್ಚುಗಲ್ ಕಡೆಯದರಲ್ಲಿ ಕೆಂಪು ಬರುತ್ತದೆ. ಇಟಲಿಯ ಅಪೆನೈನ್ ಬೆಟ್ಟದವುಗಳಲ್ಲೂ ಹಳದಿ ಹೆಚ್ಚು. ಸ್ಪೇನಿನ ಗ್ರೆಡೋಸ್ ಬೆಟ್ಟದ್ದು ಹೆಚ್ಚು ಕಪ್ಪು.

ಹಾಗಾದರೆ ನಮ್ಮದು ಯಾವುದು? ಬಣ್ಣ ನೋಡಿದರೆ ಅಸ್ತೂರಿಯಸ್ ಅನಿಸುತ್ತದೆ, ಗಾತ್ರ ನೋಡಿದರೆ ಅಲ್ಲ. ಗಂಟಲು ನೋಡಿದವರು ಪೋರ್ಚುಗಲ್ ಅನ್ನುತ್ತಾರೆ. ನನ್ನ ಮಟ್ಟಿಗೆ ಈ ಊಹೆಯ ಆಟ ಇಲ್ಲೇ ನಿಲ್ಲಬೇಕು. ಒಂದೇ ಕಾಡಿನೊಳಗೂ ಬಣ್ಣ ಬದಲಾಗುತ್ತದೆ. ಜರ್ಮನಿಯದೇ ಸೋಲಿಂಗ್ ಬೆಟ್ಟದಲ್ಲಿ ಹಳದಿಯ ಜಾಗದಲ್ಲಿ ಕೆಂಪು ಇರುವವು ಸಿಗುತ್ತವೆ. ಇನ್ನು ಸಾಕಿದ ಕಡೆ ಬೇರೆ ಬೇರೆ ಊರಿನವನ್ನು ಒಟ್ಟಿಗೆ ಇಟ್ಟರೆ ಕೂಡುತ್ತವೆ, ಮರಿಗಳ ಮೈಯಲ್ಲಿ ಎರಡೂ ಕಡೆಯ ಗುರುತು ಸೇರಿಕೊಳ್ಳುತ್ತದೆ. ಸಾಕುವ ರೀತಿಯಿಂದಲೇ ಬಣ್ಣ ಬದಲಾಗುತ್ತದೆ ಅನ್ನುವ ವಾದವೂ ಹಳೆಯದು. ವಿಯೆನ್ನಾದ ಜೀವವಿಜ್ಞಾನಿ ಪಾಲ್ ಕಮ್ಮರರ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಹಳದಿ ಮಣ್ಣಿನಲ್ಲಿ ಬೆಳೆಸಿದ ಸಾಲಮ್ಯಾಂಡರ್‌ಗಳಿಗೆ ಹಳದಿ ಹೆಚ್ಚುತ್ತದೆ ಅಂತ ಹೇಳಿ ದೊಡ್ಡ ಜಗಳವನ್ನೇ ಎಬ್ಬಿಸಿದ್ದರು.

ಇನ್ನೊಂದು ಕಷ್ಟ ಇದೆ. ಹೆಣ್ಣು ಒಂದು ಸಲ ಕೂಡಿದ ಮೇಲೆ ಗಂಡಿನ ವೀರ್ಯವನ್ನು ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಇಟ್ಟುಕೊಳ್ಳಬಲ್ಲದು, ಒಂದೇ ಸಲ ಹಾಕಿದ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಅಂದರೆ ಸಾಕಿದವರು ಮನಸ್ಸಿಟ್ಟು ಬರೆದ "ಅಪ್ಪ ಇದು, ಅಮ್ಮ ಇದು" ಅನ್ನುವ ಚೀಟಿ ಕೂಡ ಅರ್ಧ ಸುಳ್ಳಾಗಿರಬಹುದು. ಮೈಟೋಕಾಂಡ್ರಿಯಾದ ಡಿಎನ್ಎ ಪರೀಕ್ಷೆ ಮಾಡಿಸಿದರೂ ತಾಯಿಯ ಕಡೆ ಮಾತ್ರ ತಿಳಿಯುತ್ತದೆ. ಈ ಪ್ರಾಣಿಗಂತೂ ಚೀಟಿಯೂ ಇಲ್ಲ. ಮೊದಲು ಸಾಕಿದವರು ತೀರಿಕೊಂಡರು, ಡಬ್ಬಗಳು ಕೈ ಬದಲಾದವು, ಇಲ್ಲಿಗೆ ಬರುವಷ್ಟರಲ್ಲಿ ಬಾಯಿಮಾತಿನ ಕಥೆ ಮಾತ್ರ ಉಳಿದಿತ್ತು.

ಚಂದ್ರಗಿರಿ ತಳಿಯ ಕಾಫಿ ಅಂತ ಯಾರೋ ಕೊಟ್ಟ ಸಸಿ ಹಾಕಿ, ವರ್ಷಗಟ್ಟಲೆ ಕಾದು, ಕೊನೆಗೆ ಗಿಡ ಬೇರೇನೋ ಆಗಿ ನಿಂತರೆ ಹೇಗಿರುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಅಲ್ವಾ ಬೀಜ ಎಲ್ಲಿಂದ ಬಂತು ಅಂತ ಅಪ್ಪ ಅಷ್ಟು ವಿಚಾರಿಸುತ್ತಿದ್ದದ್ದು.

"ಅಷ್ಟು ತೊಂದರೆ ಆದರೆ ಕಾಡಿಗೆ ಬಿಟ್ಟುಬಿಡಿ" ಅಂತ ಅತ್ತೆ ಬರೆದಿದ್ದರು. ಅತ್ತೆ, ಅದು ಮಾತ್ರ ಆಗಲ್ಲ. ಬೇರೆ ಕಡೆಯ ರಕ್ತ ಇಲ್ಲಿಯವುಗಳಿಗೆ ಸೇರುತ್ತದೆ ಅನ್ನುವುದು ಒಂದು. ಅದಕ್ಕಿಂತ ಭಯ ಬಿಸಾಲ್ ಅನ್ನುವ ಚರ್ಮದ ಶಿಲೀಂಧ್ರ. ಅದು ಏಷ್ಯಾದಿಂದ ಸಾಕುಪ್ರಾಣಿಗಳ ವ್ಯಾಪಾರದ ಜೊತೆ ಯುರೋಪಿಗೆ ಬಂತು ಅಂತ ವಿಜ್ಞಾನಿಗಳು ನಂಬುತ್ತಾರೆ. 2013ರಲ್ಲಿ ಅದನ್ನು ಗುರುತಿಸುವ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನ ಬುಂಡರ್‌ಬೋಸ್ ಕಾಡಿನಲ್ಲಿ ಫೈರ್ ಸಾಲಮ್ಯಾಂಡರ್‌ಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು, ನೂರಕ್ಕೆ 4ರಷ್ಟು ಉಳಿದಿದ್ದವು. ನಮಗೆ ಹತ್ತಿರದ ಐಫೆಲ್ ಬೆಟ್ಟಗಳಲ್ಲೂ ಆ ರೋಗ ಇದೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೂಲ ಬರೆದಿಡುವುದರಿಂದ ಏನು ಸಿಗುತ್ತದೆ ಅನ್ನುವವರಿಗೆ ನಮ್ಮ ಕೊಡಗಿನದೇ ಒಂದು ಸಂಗತಿ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಕೊಡಗಿನ ಒಂದು ರಾತ್ರಿಕಪ್ಪೆಯನ್ನು ವಿವರಿಸಿ ಬರೆದರು. ಅವರು ಇಟ್ಟಿದ್ದ ಮಾದರಿ ಕಳೆದುಹೋಯಿತು. ಆದರೆ ಕೊಡಗಿನ ಜೌಗು ನೆಲದ್ದು ಅನ್ನುವ ಬರಹ ಉಳಿದಿತ್ತು. ಕಪ್ಪೆಗಳ ತಜ್ಞ ಎಸ್. ಡಿ. ಬಿಜು ಅವರ ತಂಡ ಅದೇ ಕಪ್ಪೆ ಮತ್ತೆ ಸಿಕ್ಕಿದೆ ಅಂತ 2011ರಲ್ಲಿ ಪ್ರಕಟಿಸಿತು. ಅಲ್ಲಿ ಪ್ರಾಣಿ ಹೋಗಿ ಊರಿನ ಹೆಸರು ಉಳಿಯಿತು. ಇಲ್ಲಿ ಪ್ರಾಣಿ ಕಣ್ಣ ಮುಂದೆಯೇ ಎರೆಹುಳು ನುಂಗುತ್ತಿದೆ, ಊರು ಹೋಗಿದೆ.

ಕೆಳಗಿನ ಮನೆಯವರು ಅದಕ್ಕೆ ಯಾವ ಉಪಪ್ರಭೇದದ ಹೆಸರನ್ನೂ ಕೊಟ್ಟಿಲ್ಲ. ಡಬ್ಬದ ಮೇಲೆ "ಮೂಲ ತಿಳಿಯದು, ತಳಿಗೆ ಬಳಸಬಾರದು" ಅಂತ ಬರೆದು ಅಂಟಿಸಿದ್ದಾರೆ. ಬೇರೆಯವುಗಳ ಜೊತೆ ಸೇರಿಸದೆ, ಬೀಚ್ ಮರದ ಎಲೆ ಹಾಸಿ, ತಂಪು ಜಾಗದಲ್ಲಿ ಒಂದೇ ಇಟ್ಟಿದ್ದಾರೆ. ಈ ಬಣ್ಣಕ್ಕೆ ಒಳ್ಳೆ ದುಡ್ಡು ಕೊಡುತ್ತೇವೆ ಅಂತ ಕೇಳಿ ಬಂದವರೂ ಇದ್ದಾರೆ, ಇವರು ಕೊಡಲಿಲ್ಲ. ಸಾಕಿದ ಸಾಲಮ್ಯಾಂಡರ್ 20 ವರ್ಷ ದಾಟಿ ಬದುಕುವುದು ದೊಡ್ಡ ವಿಷಯವಲ್ಲ, ಇವರಿಗೆ ಈಗಲೇ ವಯಸ್ಸಾಗಿದೆ. ಮುಂದೆ ನಾನು ನೋಡಿಕೊಳ್ಳುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಅದಕ್ಕೆ ಬೇಕಾದ ಕಾಗದಪತ್ರ ಏನೇನು ಅಂತ ಇಬ್ಬರೂ ಕೂತು ವಿಚಾರಿಸುತ್ತಿದ್ದೇವೆ.