ಹಾಲಿನಂಥ ಇ.ಸಿ., ಕಾಣದ ಹೆಣ್ಣುಮಕ್ಕಳು

ಶಿವಮೊಗ್ಗದಲ್ಲಿ ನಾವು ಕೊಂಡ ಹಳೆಯ ಹೆಂಚಿನ ಮನೆಯ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಇದ್ದದ್ದು ಒಂದೇ ನಮೂದು: 1974ರ ಕ್ರಯಪತ್ರ. ಆಮೇಲೆ ಏನೂ ಇಲ್ಲ. ದಲ್ಲಾಳಿಗೆ ಅದೇ ಮನೆಯ ದೊಡ್ಡ ಗುಣ. “ಸಾಲವಿಲ್ಲ, ತಂಟೆಯಿಲ್ಲ, ಇ.ಸಿ. ಹಾಲಿನ ಹಾಗಿದೆ ಮೇಡಂ” ಎಂದರು. ನಾನು ಪತ್ರಿಕೆಯಲ್ಲಿ ಕರಡು ತಿದ್ದಿಯೇ ಕೂದಲು ನರೆತವಳು. ತಪ್ಪಕ್ಷರಕ್ಕಿಂತ ಬಿಟ್ಟುಹೋದ ಸಾಲು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. 1974ರಲ್ಲಿ ಕೊಂಡವರು ತಂದೆ, ಈಗ ಮಾರಲು ಬಂದವರು ಹಿರಿಯ ಮಗ. ತಂದೆಯ ಹಕ್ಕು ಮಗನೊಬ್ಬನಿಗೇ ಬಂದದ್ದು ಹೇಗೆ?

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾಲೀಕರು ಸತ್ತರೆ ಅದು ಅಲ್ಲಿ ಬರುವುದಿಲ್ಲ. ಉಯಿಲನ್ನು ನೋಂದಾಯಿಸಲೇಬೇಕೆಂದಿಲ್ಲವಾದ್ದರಿಂದ ಅದೂ ಬಾರದಿರಬಹುದು. ನ್ಯಾಯಾಲಯದಲ್ಲಿ ಪಾಲಿನ ದಾವೆ ನಡೆಯುತ್ತಿದ್ದರೂ ಇ.ಸಿ. ಹಾಲಿನ ಹಾಗೆಯೇ ಇರಬಹುದು.

“ಖಾತೆ ನನ್ನ ಹೆಸರಿನಲ್ಲಿದೆಯಲ್ಲ, ಇನ್ನೇನು ಬೇಕು?” ಎಂದರು ಮಾರುವವರು. ತಂದೆ 1987ರಲ್ಲಿ ಉಯಿಲು ಬರೆಯದೆ ತೀರಿಕೊಂಡ ಮೇಲೆ ಇವರು ಪೌತಿ ಖಾತೆ, ಎಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸಿಕೊಂಡಿದ್ದರು. ಖಾತೆ ಎಂಬುದು ಕಂದಾಯ ಯಾರು ಕಟ್ಟಬೇಕು ಎಂದು ಹೇಳುವ ಕಾಗದ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಇದನ್ನು ನಮ್ಮ ವಕೀಲರು ಎಷ್ಟು ಸಮಾಧಾನದಿಂದ ವಿವರಿಸಿದರೂ ಅವರು ಕಂದಾಯದ ರಸೀದಿಗಳ ಕಟ್ಟನ್ನೇ ಮತ್ತೆ ಮತ್ತೆ ಮುಂದೆ ತಳ್ಳುತ್ತಿದ್ದರು.

ವಂಶವೃಕ್ಷ ಕೇಳಿದೆವು. ಬಂತು. ಅದರಲ್ಲಿ ಇಬ್ಬರು ಗಂಡುಮಕ್ಕಳು. ಕಿರಿಯವರು ಸಹಿ ಹಾಕಲು ತಯಾರಾಗಿದ್ದರು, ಹಾಗಾಗಿ ನನ್ನ ಗಂಡನಿಗೆ ಸಮಾಧಾನವಾಯಿತು. ಆದರೆ ಮನೆ ಅಳೆಯಲು ಹೋದ ದಿನ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಕೇಳಿದರು: “ದೊಡ್ಡವಳನ್ನು ಸಾಗರಕ್ಕೆ ಕೊಟ್ಟಿದ್ದರು, ಅವಳು ಒಪ್ಪಿದಳೇ?” ಹೆಣ್ಣುಮಕ್ಕಳೂ ಇಬ್ಬರಿದ್ದರು! ಮದುವೆ ಮಾಡಿ ಕಳಿಸಿದ್ದೇವೆ, ಬಂಗಾರ ಹಾಕಿದ್ದೇವೆ, ಆದ್ದರಿಂದ ವೃಕ್ಷದಲ್ಲಿ ಆ ಕೊಂಬೆಗಳು ಬೇಡ ಎಂಬುದು ಅಣ್ಣನ ನ್ಯಾಯ.

ದಲ್ಲಾಳಿಯ ಬಳಿ ಅದಕ್ಕೂ ಉತ್ತರವಿತ್ತು. ಹೆಣ್ಣುಮಕ್ಕಳ ಹಕ್ಕಿನ ಕಾನೂನು ಬಂದದ್ದು 2005ರಲ್ಲಿ, ತಂದೆ ಸತ್ತದ್ದು ಅದಕ್ಕೂ ಮೊದಲು. ಈ ಮಾತನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ! 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ಈ ಮನೆ ತಂದೆ ತಮ್ಮ ಸಂಬಳದಲ್ಲಿ ಕೊಂಡ ಸ್ವಯಾರ್ಜಿತ. ಉಯಿಲು ಇಲ್ಲದಿದ್ದರೆ ಅಂಥ ಆಸ್ತಿಯಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳಿದ್ದು 1956ರಲ್ಲಿಯೇ. ಹನ್ನೆರಡು ವರ್ಷ ವಾಸವಿದ್ದರೆ ಮನೆ ತನ್ನದೇ ಎಂಬ ವಾದವೂ ಬಂತು. ವಕೀಲರು ನಕ್ಕರು. ಒಡಹುಟ್ಟಿದವರಲ್ಲಿ ಒಬ್ಬರು ಮನೆಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಅದು ಎಲ್ಲರ ಪರವಾಗಿ ಇದ್ದಂತೆ. ಉಳಿದವರಿಗೆ ಹಕ್ಕಿಲ್ಲವೆಂದು ಬಹಿರಂಗವಾಗಿ ಹೇಳಿ, ಹಾಗೆಯೇ ನಡೆದುಕೊಂಡದ್ದಕ್ಕೆ ಪುರಾವೆ ಬೇಕು.

ಸಾಗರದ ಅಕ್ಕ ಸಲೀಸಾಗಿ ಒಪ್ಪಿದರು. ತೊಡಕಾದದ್ದು ಕಿರಿಯ ತಂಗಿಯ ಪಾಲು. ಆಕೆ ತಂದೆಯ ನಂತರ ತೀರಿಕೊಂಡಿದ್ದರು, ಎಂದರೆ ಆಕೆಗೆ ಬಂದಿದ್ದ ಹಕ್ಕು ಈಗ ಗಂಡನಿಗೂ ಮಕ್ಕಳಿಗೂ ಸೇರಿತ್ತು. ಆ ಭಾವನೊಂದಿಗೆ ಈ ಮನೆಯವರು ಮಾತು ಬಿಟ್ಟು ಯಾವುದೋ ಕಾಲವಾಗಿತ್ತು. ಮಕ್ಕಳಿಬ್ಬರೂ ವಯಸ್ಕರಾಗಿದ್ದದ್ದು ನಮ್ಮ ಪುಣ್ಯ, ಇಲ್ಲವಾದರೆ ಅವರ ಪಾಲಿಗೆ ನ್ಯಾಯಾಲಯದ ಅನುಮತಿ ಪಡೆಯಬೇಕಿತ್ತು. ಹುಬ್ಬಳ್ಳಿಗೆ ನಾವೇ ಹೋದೆವು. ಭಾವ ಕಾಫಿ ಕೊಟ್ಟು, ಕಾಗದಗಳನ್ನೆಲ್ಲ ಓದಿ, “ನನ್ನ ಹೆಂಡತಿಯ ಹೆಸರು ಎಲ್ಲಿದೆ?” ಎಂದು ಕೇಳಿದರು. ಹೊಸ ವಂಶವೃಕ್ಷದಲ್ಲಿ ಆ ಹೆಸರು ಬರುವವರೆಗೆ ಸಹಿ ಇಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಹಿರಿಯ ಮಗ ಛಾಪಾ ಕಾಗದದ ಮೇಲೆ ಒಂದು ಒಪ್ಪಿಗೆ ಬರೆಸಿ ನೋಟರಿ ಮಾಡಿಸಿ ಮುಗಿಸೋಣ ಎಂದಿದ್ದರು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು, ಇದು 1908ರ ನೋಂದಣಿ ಕಾಯ್ದೆಯ ಮಾತು. ನಾವು ಹಾಗೆ ಹಕ್ಕು ಬಿಟ್ಟುಕೊಡುವ ಬಿಡುಗಡೆ ಪತ್ರದ ಸುತ್ತು ದಾರಿಯನ್ನೂ ಹಿಡಿಯದೆ, ಎಲ್ಲ ವಾರಸುದಾರರನ್ನೂ ಕ್ರಯಪತ್ರದಲ್ಲಿಯೇ ಮಾರಾಟಗಾರರನ್ನಾಗಿ ಸೇರಿಸಿಕೊಂಡೆವು. ಅವರವರ ಪಾಲಿನ ಹಣಕ್ಕೆ ಅವರವರ ಹೆಸರಿನಲ್ಲಿಯೇ ಡಿ.ಡಿ. ಇಲ್ಲಿ ಅಣ್ಣನ ಮುಖ ಕೆಂಪಾಯಿತು.

ಇನ್ನೊಂದು ಚಿಂತೆ 1974ರ ಅಸಲು ಪತ್ರದ್ದು. ಗೆದ್ದಲು ತಿಂದಿದೆ ಎಂದರು. ನಿಜವಿರಬಹುದು. ಆದರೆ ಅಸಲು ಪತ್ರವನ್ನು ಯಾರ ಬಳಿಯಾದರೂ ಅಡವಿಟ್ಟು ಸಾಲ ಪಡೆದಿದ್ದರೆ ಅದು ಇ.ಸಿ.ಯಲ್ಲಿ ಕಾಣಲೇಬೇಕೆಂದಿಲ್ಲ. ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ, ಮಾರುವವರಿಂದ ಪೊಲೀಸ್ ದೂರು ಮತ್ತು ಪ್ರಮಾಣಪತ್ರ (ಅಫಿಡವಿಟ್) ಪಡೆದು, ಆಕ್ಷೇಪಣೆ ಇದ್ದವರು ತಿಳಿಸಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಿದೆವು. ಆ ಪ್ರಕಟಣೆಯ ಕರಡನ್ನೂ ನಾನೇ ತಿದ್ದಿದೆ. ಸರ್ವೆ ನಂಬರೇ ತಪ್ಪಾಗಿ ಅಚ್ಚಾಗುವುದರಲ್ಲಿತ್ತು.

ಆಕ್ಷೇಪಣೆ ಯಾವುದೂ ಬರಲಿಲ್ಲ. ನೋಂದಣಿಯ ದಿನ ಆರು ಜನ ಸಾಲಾಗಿ ಹೆಬ್ಬೆರಳು ಒತ್ತಿದರು, ಭಾವ ಕೊನೆಯಲ್ಲಿ. ತಡವಾದದ್ದು ನಮ್ಮಿಂದಲೇ ಎಂದು ದಲ್ಲಾಳಿ ತಮ್ಮ ಕಮಿಷನ್ನನ್ನು ಶೇಕಡಾ ಒಂದರಿಂದ ಎರಡಕ್ಕೆ ಏರಿಸಲು ನೋಡಿದರು. ಕೊಡಲಿಲ್ಲ.