ಅಛಾಮಿನ ಗೋಠು, ಹಿರಿಯೂರಿನ ಹಟ್ಟಿ

ನೇಪಾಳದ ಅಛಾಮ್ ಜಿಲ್ಲೆ ಚಿತ್ರದುರ್ಗದಿಂದ ತುಂಬಾ ದೂರ. ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ದೆಹಲಿ, ದೆಹಲಿಯಿಂದ ಕಾಠ್ಮಂಡು. ಅಲ್ಲಿ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಸಂಸ್ಥೆಯ ಕಚೇರಿಯಲ್ಲಿ ಕಾಗದಪತ್ರ ಮುಗಿಸಿ, ಚಿಕ್ಕ ವಿಮಾನ ಹತ್ತಿ ಮತ್ತೆ ಪಶ್ಚಿಮಕ್ಕೆ, ಧನಗಡಿಗೆ. ಅದು ಉತ್ತರ ಪ್ರದೇಶದ ಗಡಿಗೆ ಅಂಟಿಕೊಂಡ ಬಯಲು ಊರು. ಅಲ್ಲಿಂದ ಜೀಪಿನಲ್ಲಿ ಬೆಟ್ಟ ಹತ್ತಬೇಕು. ಡಡೆಲ್‌ಧುರಾ ದಾಟಿ, ದೀಪಾಯಲ್ ಹತ್ತಿರ ಸೇತಿ ನದಿ ನೋಡಿ, ಸಾಂಫೆಬಗರ್ ತಲುಪುವಾಗ ಪೂರ್ತಿ ಕತ್ತಲಾಗಿತ್ತು.

ಭಾರತದವರಿಗೆ ನೇಪಾಳಕ್ಕೆ ವೀಸಾ ಬೇಡ. ನಮ್ಮ 100 ರೂಪಾಯಿಗೆ ಅವರ 160. ಗಡಿಯಾರವನ್ನು 15 ನಿಮಿಷ ಮುಂದಿಟ್ಟುಕೊಂಡರೆ ಆಯ್ತು. ಇಷ್ಟು ಬಿಟ್ಟರೆ ಬೇರೆ ದೇಶಕ್ಕೆ ಬಂದೆ ಅನ್ನಿಸುವಂಥದ್ದು ಏನೂ ಇರಲಿಲ್ಲ. ಜೀಪಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬರು ನಾನು ಕರ್ನಾಟಕದವಳು ಅಂತ ಗೊತ್ತಾದ ತಕ್ಷಣ ಕನ್ನಡದಲ್ಲೇ ಕೇಳಿದರು. "ಊಟ ಆಯ್ತಾ ಮೇಡಂ?" ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಅವರು ವಾಚ್‌ಮನ್. ದಸರಾಕ್ಕೆ ರಜೆ ಹಾಕಿ ಊರಿಗೆ ಹೊರಟಿದ್ದರು. ಅಛಾಮ್, ಡೋಟಿ, ಬಝಾಂಗ್ ಕಡೆಯ ಗಂಡಸರು ತಲೆಮಾರುಗಳಿಂದ ದುಡಿಮೆಗೆ ಭಾರತಕ್ಕೇ ಬರುವುದು. ಮುಂಬೈ, ದೆಹಲಿ, ಈಗ ಬೆಂಗಳೂರು ಜಾಸ್ತಿ. ನಮ್ಮ ಗೇಟಿನ ಮುಂದೆ ರಾತ್ರಿಯಿಡೀ ಕೂರುವವರ ಮನೆಯಲ್ಲಿ ಹೆಂಗಸರು ಹೇಗಿದ್ದಾರೆ ಅಂತ ನಾವು ಯಾವತ್ತೂ ಕೇಳಿದ್ದಿಲ್ಲ ಅಲ್ವಾ? ನಾನು ಹೊರಟಿದ್ದು ಆ ಮನೆಗಳಿಗೆ.

ನನ್ನ ಕೆಲಸದ ಹೆಸರು ಜೆಂಡರ್ ಸ್ಪೆಷಲಿಸ್ಟ್. ಕರೆಸಿಕೊಂಡಿದ್ದು ಆಪ್ತಸಮಾಲೋಚನೆ ಮಾಡುವ ಒಂದು ಸೇವಾಸಂಸ್ಥೆ. ಸಂಬಳ ಇಲ್ಲ. ಊಟ, ವಸತಿ, ಓಡಾಟದ ಖರ್ಚು ಅವರದು. ಹಳ್ಳಿಗಳಲ್ಲಿ ಕೆಲಸ ಮಾಡುವ ಅವರ ಸಮಾಲೋಚಕಿಯರಿಗೆ ತರಬೇತಿ ಕೊಡುವುದು, ದಾಖಲೆ ಇಡುವ ರೀತಿ ಸರಿಮಾಡುವುದು, ಗಂಡಸರ ಜೊತೆ ಮಾತಾಡುವ ಗುಂಪುಗಳನ್ನು ಶುರುಮಾಡುವುದು ನನ್ನ ಪಾಲಿನ ಕೆಲಸ. ಚಿತ್ರದುರ್ಗದಲ್ಲಿ, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದ ಕೆಲಸ ಮಾಡಿದವಳು ನಾನು. ಹಿರಿಯೂರು, ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳಿಗೆ ಓಡಾಡಿದ್ದೇನೆ. ಅಲ್ಲಿ ಮುಟ್ಟಾದ ಹೆಂಗಸರು ಹಟ್ಟಿಯ ಬೇಲಿಯಾಚೆ ಇರಬೇಕು. ಹಸಿ ಬಾಣಂತಿ ಕೂಡ ಕೂಸಿನ ಜೊತೆ ಗುಡಿಸಲಲ್ಲಿ ಇರಬೇಕು. ಎಲ್ಲಾ ಹಟ್ಟಿಗಳೂ ಒಂದೇ ಥರ ಇಲ್ಲ. ಓದಿದವರ ಮನೆಗಳಲ್ಲಿ ಬದಲಾಗಿದೆ. ಆದರೆ ನಿಂತಿಲ್ಲ. ಅಛಾಮಿನಲ್ಲಿ ಇದೇ ಪದ್ಧತಿಗೆ ಛೌಪಡಿ, ಹೊರಗಿನ ಗುಡಿಸಲಿಗೆ ಗೋಠು ಅಂತಾರೆ. ಆ ಕಾರಣಕ್ಕೇ ನಾನು ಈ ಕೆಲಸ ಒಪ್ಪಿದ್ದು.

ಸಾಂಫೆಬಗರ್ ಬೂಢಿಗಂಗಾ ನದಿ ದಡದ ಚಿಕ್ಕ ಪೇಟೆ. ಸುತ್ತ ಎತ್ತ ನೋಡಿದರೂ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹೊಲ. ಮನೆಗಳಲ್ಲಿ ಕೆಳಗೆ ದನಕರು, ಮೇಲೆ ಜನ. ನಮ್ಮ ಕಡೆಯ ಬಯಲು, ಜಾಲಿ, ಗಾಳಿಗಿರಣಿಗಳನ್ನು ನೋಡಿ ಬೆಳೆದವಳಿಗೆ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗೋಕೂ ಇಳಿದು ಹತ್ತಬೇಕು ಅನ್ನುವುದು ಹೊಸದು. ನಾನಿದ್ದ ಮನೆಯ ಯಜಮಾನಿಯನ್ನು ದೀದಿ ಅಂತ ಕರೆಯುತ್ತಿದ್ದೆ. ಎರಡು ಹೊತ್ತೂ ದಾಲ್ ಭಾತ್, ಜೊತೆಗೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿ ಅವರ ಮಕ್ಕಳಿಗೆ ತುಂಬಾ ಹಿಡಿಸಿತು. ಅಲ್ಲಿ ಮಂಡಕ್ಕಿಗೆ ಭುಜಾ ಅಂತಾರೆ. ಒಂದಿನ ಒಗ್ಗರಣೆ ಹಾಕಿಕೊಟ್ಟೆ. ಆಮೇಲೆ ಶನಿವಾರ ಬಂದರೆ ಸಾಕು, ಅದೇ ಬೇಡಿಕೆ. ಅಲ್ಲಿ ವಾರದ ರಜೆ ಶನಿವಾರ.

ಒಂದು ಬೆಳಿಗ್ಗೆ ಸಮಾಲೋಚಕಿಯೊಬ್ಬಳು ಪಕ್ಕದ ಹಳ್ಳಿಯ ಗೋಠಿಗೆ ಕರೆದುಕೊಂಡು ಹೋದಳು. ಬಾಗಿಲು ನನ್ನ ಸೊಂಟದೆತ್ತರ. ಕುಕ್ಕರಗಾಲಲ್ಲಿ ಒಳಗೆ ಹೋಗಬೇಕು. ಕಲ್ಲು ಮಣ್ಣಿನ ಗೋಡೆ, ಕಿಟಕಿ ಇಲ್ಲ. ಒಳಗೆ ನೆಟ್ಟಗೆ ನಿಲ್ಲೋಕಾಗಲ್ಲ. ನೆಲದ ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ಒಂದು ಕಂಬಳಿ. ಮೂಲೆಯಲ್ಲಿ ಹಿಂದಿನ ರಾತ್ರಿಯ ಬೂದಿ. ಗೋಡೆಯ ಸಂದಿನಲ್ಲಿ ಒಂದು ಹಲ್ಲುಜ್ಜುವ ಬ್ರಷ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಶಾಲೆ ಪುಸ್ತಕ. ಒಳಗೆ ಹುಡುಗಿ ಇರಲಿಲ್ಲ, ಶಾಲೆಗೆ ಹೋಗಿದ್ದಳು. ಹೊಗೆಯ ವಾಸನೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ಈ ಹೊಗೆಯೇ ಜೀವ ತೆಗೆಯುವುದು. ಚಳಿಗಾಲದಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಒಳಗೆ ಬೆಂಕಿ ಹಾಕಿಕೊಳ್ಳುತ್ತಾರೆ. ಚಳಿಗೂ ಹೆದರಿ, ಕುಡಿದು ಬರುವ ಗಂಡಸರಿಗೂ ಹೆದರಿ ಬಾಗಿಲಿಗೆ ಹಲಗೆ ಅಡ್ಡ ಇಡುತ್ತಾರೆ. ಗಾಳಿ ಆಡಲ್ಲ. 2019ರ ಜನವರಿಯಲ್ಲಿ ಪಕ್ಕದ ಬಾಜುರಾ ಜಿಲ್ಲೆಯಲ್ಲಿ ಒಬ್ಬ ತಾಯಿ, ಅವಳ ಇಬ್ಬರು ಗಂಡುಮಕ್ಕಳು ಹೀಗೇ ಉಸಿರುಕಟ್ಟಿ ತೀರಿಕೊಂಡರು. ಬೇಸಿಗೆ, ಮಳೆಗಾಲದಲ್ಲಿ ಹಾವಿನ ಭಯ.

ಕಾನೂನು ಇಲ್ಲ ಅಂತಲ್ಲ. ನೇಪಾಳದ ಸುಪ್ರೀಂ ಕೋರ್ಟ್ 2005ರಲ್ಲೇ ಛೌಪಡಿ ಕೂಡದು ಅಂದಿದೆ. 2017ರಲ್ಲಿ ಸಂಸತ್ತು ಅದನ್ನು ಅಪರಾಧ ಮಾಡಿತು. 2018ರ ಆಗಸ್ಟಿನಿಂದ ಜಾರಿ. ಹೊರಗಿರು ಅಂತ ಬಲವಂತ ಮಾಡಿದವರಿಗೆ ಮೂರು ತಿಂಗಳ ಜೈಲು, ಇಲ್ಲವೇ 3,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ಡಿಸೆಂಬರಿನಲ್ಲಿ ಅಛಾಮಿನಲ್ಲೇ ಗೋಠಿನಲ್ಲಿ ಹೆಂಗಸೊಬ್ಬಳು ಸತ್ತಾಗ ಪೊಲೀಸರು ಅವಳ ಸಂಬಂಧಿಯನ್ನು ಬಂಧಿಸಿದರು. ಅದರ ಬೆನ್ನಲ್ಲೇ ಆ ಕಡೆಯ ಜಿಲ್ಲೆಗಳಲ್ಲಿ ಸಾವಿರಾರು ಗೋಠುಗಳನ್ನು ಕೆಡವಿದರು.

ಕೆಡವಿದ ಮೇಲೆ ಏನಾಯ್ತು ಅಂತ ನನಗೆ ಹೆಂಗಸರೇ ಹೇಳಿದರು. ಗುಡಿಸಲು ಹೋಯಿತು, ಮುಟ್ಟಾದವಳು ಮನೆಯೊಳಗಿದ್ದರೆ ದೇವರು ಮುನಿದು ಕೇಡಾಗುತ್ತೆ ಅನ್ನುವ ಭಯ ಹೋಗಲಿಲ್ಲ. ಕೆಲವರು ದನದ ಕೊಟ್ಟಿಗೆಯಲ್ಲಿ ಮಲಗಿದರು. ಕೆಲವರು ಮರದ ಕೆಳಗೆ ಟಾರ್ಪಾಲ್ ಕಟ್ಟಿಕೊಂಡರು. ಕೆಲವು ಕಡೆ ಅದೇ ಕಲ್ಲಿನಲ್ಲಿ ಮತ್ತೆ ಗೋಠು ಎದ್ದಿತು. ನಮ್ಮಲ್ಲೂ ಹೀಗೇ ಅಲ್ವಾ? ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಹೊರಗಿಡುವುದನ್ನು ಕರ್ನಾಟಕದ 2017ರ ಕಾಯ್ದೆ ಅಪರಾಧ ಅಂದಿದೆ. ಆದರೂ 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಮಳೆಯಲ್ಲಿ, ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಇತ್ತ ಸರ್ಕಾರವೇ ಎಷ್ಟೋ ಹಟ್ಟಿಗಳ ಪಕ್ಕ ಕೃಷ್ಣ ಕುಟೀರ ಅಂತ ಕಟ್ಟಡ ಕಟ್ಟಿಸಿದೆ. ಮಳೆ ಬಿಸಿಲಿಗೆ ಸೂರು ಸಿಕ್ಕಿತು, ಒಪ್ಪುತ್ತೇನೆ. ಆದರೆ ಹೊರಗಿರುವುದಕ್ಕೆ ಸರ್ಕಾರವೇ ಜಾಗ ಮಾಡಿಕೊಟ್ಟ ಹಾಗೂ ಆಯಿತು. ಕೆಡವುವುದೂ ಕಟ್ಟುವುದೂ ಎರಡೂ ಗೋಡೆಯ ಕೆಲಸ. ಮನೆಯೊಳಗಿನ ಭಯದ ಹತ್ತಿರ ಯಾರು ಕೂತು ಮಾತಾಡುತ್ತಾರೆ ಅನ್ನುವುದೇ ನನ್ನ ಪ್ರಶ್ನೆ. ಆ ಚಳಿಗಾಲ ನಾನು ಅಲ್ಲಿ ಮಾಡಿದ್ದು ಅದನ್ನೇ.

ತರಬೇತಿ ಶುರುಮಾಡಿದ್ದು ಸಮಾಲೋಚಕಿಯರಿಂದ. ಮೊದಲ ವಾರವೇ ಒಂದು ವಿಷಯ ಬಾಯಿಬಿಟ್ಟರು. ಅವರಲ್ಲೂ ಕೆಲವರು ತಮ್ಮ ಮನೆಯಲ್ಲಿ ಆ ದಿನಗಳಲ್ಲಿ ಹೊರಗೆ ಮಲಗುತ್ತಾರೆ. ಹಗಲು ಹಳ್ಳಿಯ ಹೆಂಗಸರಿಗೆ ಇದು ತಪ್ಪು ಅಂತ ಹೇಳಿ, ರಾತ್ರಿ ಅತ್ತೆಯ ಮಾತು ಮೀರಲಾರದೆ ಗೋಠಿಗೆ ಹೋಗುತ್ತಾರೆ. ಒಬ್ಬಳಂತೂ ಕಣ್ಣೀರು ಹಾಕಿದಳು. "ದೀದಿ, ನನಗೆ ದೇವರ ಭಯ ಇಲ್ಲ. ಆದರೆ ಅತ್ತೆಗೆ ಏನಾದರೂ ಆದರೆ ನನ್ನಿಂದಲೇ ಅಂತಾರೆ. ಆ ಮಾತಿಗೆ ಹೆದರುತ್ತೀನಿ." ಅವಳನ್ನು ತಪ್ಪು ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲೇ ನೋಡಿ. ಹನ್ನೆರಡನೇ ಶತಮಾನದಲ್ಲೇ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು, ಅದರಲ್ಲಿ ಮುಟ್ಟಿನ ಸೂತಕವೂ ಇತ್ತು. ಇಷ್ಟಲಿಂಗ ಕಟ್ಟಿದ ನಮ್ಮ ಮನೆಗಳಲ್ಲಿ ಎಷ್ಟು ಕಡೆ ಇವತ್ತಿಗೂ ಆ ಮೂರು ದಿನ ದೇವರ ಕೋಣೆಗೆ ಕಾಲಿಡಬೇಡ ಅಂತಾರೆ! ಇದನ್ನು ಅವರಿಗೂ ಹೇಳಿದೆ. ಭಾರತದಿಂದ ಬಂದವಳು ಬುದ್ಧಿ ಹೇಳೋಕೆ ಬಂದಿಲ್ಲ ಅಂತ ಅವರಿಗೆ ಆವಾಗ ಅನ್ನಿಸಿರಬೇಕು. ಅಲ್ಲಿಂದ ಮುಂದೆ ಮಾತು ಸಲೀಸಾಯಿತು.

ಕೆಲಸದಲ್ಲಿ ಛೌಪಡಿ ಒಂದೇ ಇರಲಿಲ್ಲ. ಗಂಡ ಹೊಡೆಯುವ ದೂರುಗಳು ದಿನಾ ಬರುತ್ತಿದ್ದವು. ನೇಪಾಳದ ಹೊಸ ಸಂವಿಧಾನದಲ್ಲಿ ಪ್ರತಿ ಸ್ಥಳೀಯ ಆಡಳಿತಕ್ಕೂ ಒಂದು ನ್ಯಾಯಿಕ ಸಮಿತಿ ಇದೆ. ಪಾಲಿಕೆಯ ಉಪಾಧ್ಯಕ್ಷರೇ ಅದರ ಮುಖ್ಯಸ್ಥರು, ಬಹಳ ಕಡೆ ಅವರು ಹೆಂಗಸರು. ಇದು ನನಗೆ ಬಹಳ ಇಷ್ಟವಾದ ವ್ಯವಸ್ಥೆ. ಆದರೆ ಅಲ್ಲೂ ಎಲ್ಲರಿಗೂ ಬೇಕಾಗಿರುವುದು ಮಿಲಾಪತ್ರ, ನಮ್ಮ ಕಡೆಯ ರಾಜಿ ಪಂಚಾಯ್ತಿ. ಹೆಂಡತಿ ಒಪ್ಪಿದಳು ಅಂತ ಬರೆದು, ಹೆಬ್ಬೆಟ್ಟು ಒತ್ತಿಸಿ, ಮನೆಗೆ ಕಳಿಸುವುದು. ಚಿತ್ರದುರ್ಗದಲ್ಲಿ ಇಂಥ ರಾಜಿ ಎಷ್ಟು ನೋಡಿಲ್ಲ! ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ನಾನು ಒಂದು ಸಾಲು ಸೇರಿಸಿದೆ. ಅವಳು ಒಪ್ಪಿದಾಗ ಕೋಣೆಯಲ್ಲಿ ಯಾರ್ಯಾರು ಇದ್ದರು ಅಂತ ಬರೆಯಬೇಕು. ಗಂಡ, ಮಾವ, ಮೈದುನ ಎಲ್ಲಾ ಸುತ್ತ ಕೂತಿದ್ದಾಗ ಹೇಳಿದ ಹೂಂ ಒಪ್ಪಿಗೆ ಅಲ್ಲ. ಅವಳ ಜೊತೆ ಮೊದಲು ಒಂಟಿಯಾಗಿ ಮಾತಾಡಿ, ರಾತ್ರಿ ಎಲ್ಲಿ ಮಲಗುತ್ತಾಳೆ, ಏನಾದರೂ ಆದರೆ ಯಾರ ಮನೆಗೆ ಓಡಿಹೋಗಬಹುದು ಅಂತ ಕೇಳಿ, ಆಮೇಲೆ ಸಮಿತಿ ಮುಂದೆ ಹೋಗುವುದು ರೂಢಿಯಾಯಿತು. ಮಹಿಳಾ ಆಯೋಗದ 1145 ಸಹಾಯವಾಣಿ ನಂಬರನ್ನು ಬರೆದು ಕೊಡಬೇಡಿ, ಬಾಯಿಪಾಠ ಮಾಡಿಸಿ ಅಂತ ಒಬ್ಬ ಸಮಾಲೋಚಕಿಯೇ ಹೇಳಿದಳು. ಚೀಟಿ ಗಂಡನ ಕೈಗೆ ಸಿಕ್ಕರೆ ಮತ್ತೆ ಏಟು. ಈ ಜಾಣತನ ಯಾವ ಪುಸ್ತಕದಲ್ಲೂ ಇರಲ್ಲ.

ಛೌಪಡಿ ವಿಷಯಕ್ಕೆ ನಾವು ಸೊಸೆಯರನ್ನು ಬಿಟ್ಟು ಅತ್ತೆಯರನ್ನು ಕೂರಿಸಿಕೊಂಡೆವು. ಪ್ರತಿ ವಾರ್ಡಿನಲ್ಲಿ ಮಹಿಳಾ ಸ್ವಾಸ್ಥ್ಯ ಸ್ವಯಂಸೇವಿಕೆಯರು ಇದ್ದಾರೆ, ನಮ್ಮ ಆಶಾ ಕಾರ್ಯಕರ್ತೆಯರ ಥರ. ನೇಪಾಳದಲ್ಲಿ ಇವರು 1988ರಿಂದ ಇದ್ದಾರೆ. ಊರಿನವರೇ ಆದ್ದರಿಂದ ಅವರು ಕರೆದರೆ ಅತ್ತೆಯರು ಬರುತ್ತಾರೆ. ಬಿಸಿಲಿಗೆ ಚಾಪೆ ಹಾಸಿ ಕೂರುತ್ತಿದ್ದೆವು. ಅಲ್ಲಿ ಹಿಂದಿ ಬಹುತೇಕರಿಗೆ ಅರ್ಥವಾಗುತ್ತೆ. ಉಳಿದಿದ್ದನ್ನು ಹುಡುಗಿಯರು ಹೇಳಿಕೊಡುತ್ತಿದ್ದರು.

ಒಬ್ಬ ಅಜ್ಜಿ ಮೊದಲ ಸಲವೇ ಗದರಿದರು. "ಒಂದು ಸಲ ಸೊಸೆಯನ್ನು ಒಳಗೆ ಬಿಟ್ಟೆ. ವಾರದಲ್ಲಿ ಎಮ್ಮೆ ಸತ್ತಿತು. ನಿನ್ನ ಸಂಸ್ಥೆ ಎಮ್ಮೆ ತಂದುಕೊಡುತ್ತಾ?"

ಯಾರೂ ವಾದ ಮಾಡಲಿಲ್ಲ. ಸಮಾಲೋಚಕಿ ಎಮ್ಮೆ ಬಗ್ಗೆಯೇ ಕೇಳುತ್ತಾ ಹೋದಳು. ಎಷ್ಟು ಹಾಲು ಕೊಡುತ್ತಿತ್ತು, ಯಾವಾಗಿಂದ ಮೇವು ಬಿಟ್ಟಿತ್ತು, ಯಾರು ನೋಡಿಕೊಳ್ಳುತ್ತಿದ್ದರು. ಅಜ್ಜಿ ಅರ್ಧ ಗಂಟೆ ಎಮ್ಮೆಯ ಕತೆ ಹೇಳಿದರು. ಹೇಳುತ್ತಾ ಹೇಳುತ್ತಾ ತಮ್ಮ ಕತೆಗೆ ಬಂದರು. ಹದಿಮೂರನೇ ವಯಸ್ಸಿಗೆ ಮದುವೆ. ಚೊಚ್ಚಲ ಹೆರಿಗೆ ಗೋಠಿನಲ್ಲೇ. ಹತ್ತಿರ ಯಾರೂ ಇಲ್ಲ. ಮಗು ಉಳಿಯಲಿಲ್ಲ. ಅದನ್ನು ಅವರು ಅಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವರ ಕೈ ಹಿಡಿದುಕೊಂಡಳು. ಅವಳೂ ಅಂಥದ್ದೇ ಒಂದು ಹೇಳಿದಳು. ಆಮೇಲೆ ಇನ್ನೊಬ್ಬಳು. ನಾವು ಅಂದುಕೊಂಡಿದ್ದ ಪಾಠ ಅವತ್ತು ಆಗಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ.

ಧಾಮಿಯ ಮನೆಗೂ ಹೋದೆವು. ಧಾಮಿ ಅಂದರೆ ಮೈಮೇಲೆ ದೇವರು ಬರುವವರು, ಊರಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ಅವರ ಜೊತೆ ಗಂಡಸರ ಗುಂಪಿನಲ್ಲಿದ್ದ ಇಬ್ಬರು ಮಾತಾಡಿದರು. ಹೊರಗೆ ದುಡಿದು ಬಂದವರು. ಮುಂಬೈಯ ಒಂದೇ ಕೋಣೆಯಲ್ಲಿ ಹೆಂಡತಿ ಜೊತೆ ಇದ್ದಾಗ ಗೋಠು ಎಲ್ಲಿತ್ತು, ದೇವರು ಅಲ್ಲಿ ಯಾಕೆ ಮುನಿಯಲಿಲ್ಲ ಅಂತ ಅವರೇ ಕೇಳಿದರು. ಧಾಮಿ ತಕ್ಷಣ ಒಪ್ಪಲಿಲ್ಲ. ಯೋಚನೆ ಮಾಡ್ತೀನಿ ಅಂದರು.

ಚಳಿಗಾಲ ಮುಗಿಯುವ ಹೊತ್ತಿಗೆ ಎಮ್ಮೆಯ ಅಜ್ಜಿಯ ಸೊಸೆ ಮನೆಯ ಕೆಳಗಿನ ಕೋಣೆಯಲ್ಲಿ, ಬಾಗಿಲು ಕಿಟಕಿ ಇರುವ ಕಡೆ, ಮಂಚದ ಮೇಲೆ ಮಲಗುತ್ತಿದ್ದಳು. ಅಡುಗೆಮನೆಗೆ ಇನ್ನೂ ಇಲ್ಲ. ಹಾಲು ಮೊಸರು ಇನ್ನೂ ಇಲ್ಲ. ಇಷ್ಟೇ ಬದಲಾಗಿದ್ದು. ಇಷ್ಟೇನಾ ಅಂತ ಕೇಳುವವರು ಆ ಗೋಠಿನೊಳಗೆ ಒಂದು ಸಲ ಕೂತು ನೋಡಬೇಕು.

ವಾಪಸ್ ಬಂದ ಮೇಲೆ ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಗೆ ಹೋಗಿದ್ದೆ. ಫೋನಿನಲ್ಲಿ ಅಛಾಮಿನ ಫೋಟೋ ತೋರಿಸಿದೆ. ಮುಖ ಕಾಣುವ ಫೋಟೋ ನಾನು ತೆಗೆದಿರಲಿಲ್ಲ. ಮನೆ, ಹೊಲ, ಗೋಠು ಅಷ್ಟೇ. ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಫೋನ್ ಇಸ್ಕೊಂಡು ನೋಡಿದರು. ಹಿರಿಯಕ್ಕ ಒಬ್ಬರು ಗೋಠಿನ ಫೋಟೋ ದೊಡ್ಡದು ಮಾಡಿ ನೋಡಿ, "ಏನವ್ವಾ, ಅಷ್ಟು ದೂರದ ದೇವ್ರಿಗೂ ಇದೇ ಸಿಟ್ಟಾ?" ಅಂದರು. ಪಕ್ಕದಲ್ಲಿದ್ದ ಅವರ ಸೊಸೆ, "ದೇವ್ರು ಎಲ್ಲಿ ಹೇಳ್ಯಾನೆ ಅತ್ತೆ, ಹೇಳೋರೆಲ್ಲ ಮನುಷ್ಯರೇ" ಅಂದಳು. ಅತ್ತೆ ಬೈಯಲಿಲ್ಲ. ಎಮ್ಮೆಯ ಅಜ್ಜಿ ಕತೆಯನ್ನು ಪೂರ್ತಿ ಹೇಳು ಅಂತ ಕೇಳಿದರು. ಎರಡು ಸಲ ಹೇಳಿಸಿಕೊಂಡರು.

ಈಗ ತಿಂಗಳಿಗೊಮ್ಮೆ ಆ ಹಟ್ಟಿಯ ಅತ್ತೆಯರು ಅಂಗನವಾಡಿಯಲ್ಲಿ ಸೇರುತ್ತಿದ್ದಾರೆ. ಆಶಾ ಕಾರ್ಯಕರ್ತೆ ಕರೆಯುತ್ತಾಳೆ, ನಾನು ಸುಮ್ನೆ ಜೊತೆಗಿರುತ್ತೇನೆ. ಸದ್ಯಕ್ಕೆ ಮಾತೆಲ್ಲಾ ಬಾಣಂತಿಯರ ಬಗ್ಗೆ. ಹಸುಗೂಸನ್ನು ಮಳೆಗಾಲದಲ್ಲಿ ಹೊರಗೆ ಇಡಬಾರದು ಅನ್ನುವುದಕ್ಕೆ ಹೆಚ್ಚುಕಮ್ಮಿ ಎಲ್ಲರದೂ ಒಪ್ಪಿಗೆ ಇದೆ. ಪೂಜಾರಪ್ಪನವರನ್ನು ಮುಂದಿನ ಸಲಕ್ಕೆ ಕರೆದಿದ್ದೇವೆ. ಬರ್ತೀನಿ ಅಂತ ಹೇಳಿ ಕಳಿಸಿದ್ದಾರೆ. ಹೆಂಗಸರು ಮಾತಾಡುವಾಗ ತಾವು ನಡುವೆ ಬಾಯಿ ಹಾಕಲ್ಲ ಅಂತಲೂ ಹೇಳಿದ್ದಾರೆ.